ಬುಟ್ಟಿ ಎತ್ತೋರು ಯಾರು?

ನಮ್ಮೂರು ಮುಧೋಳ ಅಂದ ಕೂಡಲೇ ಬೆಂಗಳೂರಿನ ಆಫೀಸಿನಲ್ಲಿ ಎಲ್ಲರದೂ ಒಂದೇ ಮಾತು: "ಓ, ನಾಯಿ ಊರಾ!" ಅಲ್ರೀ. ಅಂಚೆಚೀಟಿ ಮೇಲೆ ಬಂದ, ಸೇನೆಯೂ ತರಬೇತಿಗೆ ಒಯ್ದ ಆ ತೆಳು ಸೊಂಟದ ಬೇಟೆನಾಯಿಯ ಮುಧೋಳ ಬಾಗಲಕೋಟೆ ಜಿಲ್ಲೆಯದು. ನಮ್ಮದು ಕಲಬುರಗಿ ಜಿಲ್ಲೆ ಸೇಡಂ ತಾಲೂಕಿನ ಮುಧೋಳ. ನಮ್ಮಲ್ಲಿರೋದು ತೊಗರಿ, ಬಿಸಿಲು. ವರ್ಷಗಟ್ಟಲೆ ಹೀಗೆ ತಿದ್ದಿ ತಿದ್ದಿ ಸುಸ್ತಾಗಿ, ಕಡೆಗೆ ನಾನೇ ಎರಡು ತಿಂಗಳ ಒಂದು ಮುಧೋಳ ಮರಿ ತಂದುಬಿಟ್ಟೆ. ಹೆಸರು ತೊಗರಿ.

ಜೊತೆಗೇ ತಂತಿಯ ಕ್ರೇಟೂ ಬಂತು. ನಿಯಮಗಳನ್ನೆಲ್ಲ ಓದಿಕೊಂಡಿದ್ದೆ. ಮರಿ ನಿಲ್ಲುವಷ್ಟು, ತಿರುಗುವಷ್ಟು, ಕಾಲು ಚಾಚಿ ಮಲಗುವಷ್ಟು ಜಾಗ ಸಾಕು. ಹೆಚ್ಚಾದರೆ ಒಂದು ಮೂಲೆಯಲ್ಲಿ ಉಚ್ಚೆ ಹೊಯ್ದು ಇನ್ನೊಂದರಲ್ಲಿ ಮಲಗುತ್ತೆ. ಊಟ ಒಳಗೇ ಕೊಡಬೇಕು. ಮೊದಮೊದಲು ಬಾಗಿಲು ಹಾಕಬಾರದು. ಶಿಕ್ಷೆಗಂತೂ ಬಳಸಲೇಬಾರದು. ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿದರೆ ಹೆಚ್ಚೆಂದರೆ ಅಷ್ಟು ಗಂಟೆ.

ಮನೆಯಿಂದಲೇ ಕೆಲಸ ಇದ್ದಷ್ಟು ದಿನ ಎಲ್ಲ ಚೆನ್ನಾಗಿತ್ತು. ಆಮೇಲೆ ವಾರಕ್ಕೆ ಮೂರು ದಿನ ಆಫೀಸು ಅಂದರು. ಮೂರು ತಿಂಗಳ ಮರಿಗೆ ನಾಲ್ಕು ಗಂಟೆ ಅನ್ನೋದು ಗೊತ್ತಿತ್ತು. ಟ್ರಾಫಿಕ್ಕೂ ಸೇರಿ ಒಂಬತ್ತು ಗಂಟೆ ಬಿಟ್ಟೆ. "ಅಭ್ಯಾಸ ಆಗುತ್ತೆ" ಅಂತ ನನಗೆ ನಾನೇ ಹೇಳಿಕೊಂಡೆ. ಒಂದು ಸಂಜೆ ಬಾಗಿಲು ತೆಗೆದಾಗ ತೊಗರಿ ತನ್ನ ಉಚ್ಚೆಯಲ್ಲೇ ತೋಯ್ದು ಕೂತಿತ್ತು. ತಂತಿ ಕಚ್ಚಿ ಕಚ್ಚಿ ಒಸಡಿನಿಂದ ರಕ್ತ. ನನ್ನ ಕಂಡು ಬಾಲ ಅಲ್ಲಾಡಿಸಿತು. ಅದನ್ನೇ ನನಗೆ ಸಹಿಸೋಕಾಗಲಿಲ್ಲ.

ರಜೆ ಹಾಕಿ, ಮರಿ-ಕ್ರೇಟು ಎರಡನ್ನೂ ಕಾರಿಗೆ ಹಾಕಿಕೊಂಡು ಊರಿಗೆ ಹೋದೆ.

"ಇದೇನೋ, ಇಲಿ ಬೋನು?" ಅಂದಳು ಅವ್ವ. ವಿವರಿಸಿದೆ. ಬೈತಾಳೆ ಅಂದುಕೊಂಡರೆ, "ಇದ್ರಾಗ ಹೊಸಾದೇನದ? ನಾವೂ ಕುರಿಮರಿ ಬುಟ್ಟ್ಯಾಗ ಮುಚ್ಚತಿದ್ದಿಲ್ಲೇನು?" ಅಂದಳು. ಹೌದಲ್ಲ! ತಾಯಿಕುರಿ ಮೇಯೋಕೆ ಹೋದಾಗ ಬೀದಿನಾಯಿ ಒಯ್ಯದಿರಲಿ ಅಂತ ಮರಿಗಳ ಮೇಲೆ ದೊಡ್ಡ ಬುಟ್ಟಿ ಬೋರಲು ಹಾಕುತ್ತಿದ್ದರು. ನನಗೆ ಸ್ವಲ್ಪ ಧೈರ್ಯ ಬಂತು. ಅಷ್ಟರಲ್ಲೇ ಅವ್ವ ತೊಗರಿಯ ಬಾಯಿ ತೆರೆದು ನೋಡಿದಳು.

"ಕುರಿ ಹೋದ್ರೂ ನಾ ಮನ್ಯಾಗ ಇರ್ತಿದ್ದೆ. ಮರಿ ಒದರಿದ್ರ ಬುಟ್ಟಿ ಎತ್ತತಿದ್ದೆ. ನಿನ್ನ ಬೋನು ತೆಗಿಯೋರು ಯಾರಿದ್ರೋ?"

ನಾನು ಓದಿದ್ದ ಯಾವ ನಿಯಮವೂ ನನ್ನನ್ನು ಇಷ್ಟು ನೇರವಾಗಿ ಕೇಳಿರಲಿಲ್ಲ.

ಅವಳೇ ಕ್ರೇಟನ್ನು ಪಡಸಾಲಿಯ ತಂಪಿನಲ್ಲಿ, ತಾನು ಕಾಣುವಲ್ಲಿ ಇಟ್ಟಳು. ಹಳೇ ಕೌದಿ ಹಾಸಿ, ಬಾಗಿಲನ್ನು ಹಗ್ಗದಿಂದ ಹಿಂದಕ್ಕೆ ಕಟ್ಟಿಬಿಟ್ಟಳು. ರೊಟ್ಟಿ ಚೂರು ಒಳಗೆ ಎಸೆಯೋದು, ಸುಮ್ಮನಿರೋದು. ಮೊದಲು ತೊಗರಿ ಕತ್ತು ಉದ್ದ ಮಾಡಿ ಚೂರಷ್ಟೇ ಎಳೆದುಕೊಳ್ಳುತ್ತಿತ್ತು. ನನ್ನ ರಜೆ ಮುಗಿಯುವ ಹಿಂದಿನ ದಿನ ಮಧ್ಯಾಹ್ನ ತಾನಾಗೇ ಹೋಗಿ ಕೌದಿ ಮೇಲೆ ಸುರುಳಿಯಾಗಿ ಮಲಗಿತು.

ಈಗ ಆಫೀಸಿನ ದಿನ ಹಗಲು ಕ್ರೇಟಿಗೆ ಬಾಗಿಲು ಹಾಕುವುದಿಲ್ಲ. ಹಾಲಿನ ಒಂದು ಬದಿಗೆ ಬೇಲಿ ಕಟ್ಟಿ ನೀರು, ಹಳೇ ಪೇಪರು, ಓಡಾಡಲು ಜಾಗ ಕೊಟ್ಟಿದ್ದೇನೆ. ಕ್ರೇಟು ಅದರೊಳಗೇ ಬಾಗಿಲು ತೆರೆದು ನಿಂತಿರುತ್ತೆ. ಹಗಲು ಎರಡು ಸಲ ಬಂದು ಹೊರಗೆ ಕರೆದೊಯ್ಯಲು ಒಬ್ಬ ಹುಡುಗನಿಗೆ ಸಂಬಳ ಕೊಡ್ತೀನಿ. ವಾರಾಂತ್ಯದ ಹೋಟೆಲ್ ಊಟ ನಿಂತಿದೆ. ನಾಯಿ ಸಾಕುವ ಖರ್ಚಲ್ಲಿ ಇದನ್ನು ನಾನು ಲೆಕ್ಕ ಹಾಕಿರಲಿಲ್ಲ, ನೀವು ಹಾಕಿ.

ಅವ್ವನ ಫೋನು ಬಂದರೆ ಮೊದಲೆಲ್ಲ "ಉಂಡೆ ಏನು?" ಅಂತ ಶುರುವಾಗುತ್ತಿತ್ತು. ಈಗ ಅದು ಎರಡನೇ ಪ್ರಶ್ನೆ. ಮೊದಲನೆಯದು, "ಇವತ್ತ ಮರಿ ಹತ್ರ ಯಾರದಾರ?"