ನಾಲ್ಕನೇ ಸಹಿ

ಮೊನ್ನೆ ಬೀರು ಕ್ಲೀನ್ ಮಾಡೋವಾಗ ಮನೆಯ ಕ್ರಯಪತ್ರ ಕೈಗೆ ಸಿಕ್ತು. ಕೊಂಡವರ ಜಾಗದಲ್ಲಿ ಸಾಲಾಗಿ ಸಹಿಗಳು... ಅಪ್ಪನದು, ಅಣ್ಣನದು, ನನ್ನದು, ಅಕ್ಕನದು. ಆ ನಾಲ್ಕನೇ ಸಹಿಯಿಂದಾಗಿ ನಮ್ಮನೇಲಿ ಒಂದು ವಾರ ಯಾರೂ ಸರಿಯಾಗಿ ಊಟ ಮಾಡಿರ್ಲಿಲ್ಲ.

2014ರ ಮಾತು. ಅಜ್ಜಿ, ಅಪ್ಪ, ಅಮ್ಮ, ಅಣ್ಣ, ಅತ್ತಿಗೆ, ಅವರ ಪುಟ್ಟ, ನಾನು. ಬಾಡಿಗೆ ಮನೆಯಲ್ಲಿ ಏಳು ಜನಕ್ಕೆ ಎರಡು ರೂಮು. ಆರ್‌ಪಿಸಿ ಲೇಔಟಿನಲ್ಲಿ ಈ ಹಳೇ ಮನೆ ಮಾರಾಟಕ್ಕಿದೆ ಅಂತ ಗೊತ್ತಾದಾಗ ಒಬ್ಬೊಬ್ಬರಿಗೆ ಒಂದೊಂದು ಕಾರಣಕ್ಕೆ ಇಷ್ಟವಾಯ್ತು. ಅಪ್ಪನಿಗೆ ಹಂಪಿನಗರದ ಲೈಬ್ರರಿ ನಡೆದು ಹೋಗೋಷ್ಟು ಹತ್ರ. ಅಣ್ಣನಿಗೆ ಮೆಟ್ರೋ ಆಸೆ (ಆಗ ಬರೀ ಕಂಬಗಳಿದ್ವು, ರೈಲು ಓಡಿದ್ದು 2015ರ ನವೆಂಬರಲ್ಲಿ). ಅಜ್ಜಿ ಕೇಳಿದ್ದು ಒಂದೇ, "ಬಚ್ಚಲಿಗೆ ಮೆಟ್ಟಿಲು ಎಷ್ಟು?"

ಅಪ್ಪನ ರಿಟೈರ್‌ಮೆಂಟ್ ದುಡ್ಡು, ಅಣ್ಣನ ಮತ್ತು ನನ್ನ ಸಂಬಳ ತೋರಿಸಿ ಬ್ಯಾಂಕ್ ಸಾಲ, ಅಮ್ಮನ ಎರಡೆಳೆ ಸರ. ಆದ್ರೂ ಆರು ಲಕ್ಷ ಕಮ್ಮಿ ಬಿತ್ತು. ಮೈಸೂರಿಂದ ಅಕ್ಕ ಫೋನ್ ಮಾಡಿ, "ನನ್ ಹತ್ರ ಇದೆ ಕಣೋ, ಕಳಿಸ್ತೀನಿ" ಅಂದ್ಳು. ಟೀಚರ್ ಕೆಲಸ ಮಾಡಿ ಕೂಡಿಟ್ಟಿದ್ದು.

ವಕೀಲರು ಪತ್ರ ಬರೆಸೋಕೆ ಮುಂಚೆ ಯಾರ್ಯಾರು ಎಷ್ಟೆಷ್ಟು ಹಾಕ್ತಿದ್ದೀರಿ ಅಂತ ಕೇಳಿದ್ರು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಸೆಕ್ಷನ್ ಅಂತೆ. ಹಲವರು ತಮ್ಮತಮ್ಮ ದುಡ್ಡು ಹಾಕಿ ಕೊಂಡರೆ, ಬೇರೆ ಒಪ್ಪಂದ ಇಲ್ಲದಿದ್ರೆ, ಹಾಕಿದ ದುಡ್ಡಿನ ಪ್ರಮಾಣದಲ್ಲೇ ಪಾಲು. ಯಾರೆಷ್ಟು ಹಾಕಿದ್ರು ಅನ್ನೋಕೆ ಆಧಾರ ಇಲ್ಲದಿದ್ರೆ ಸಮಪಾಲು ಅಂದ್ಕೋಬೇಕು. "ಆದ್ರೆ ಮೊದಲು ಪತ್ರದಲ್ಲಿ ಹೆಸರು ಇರ್ಬೇಕಲ್ಲ" ಅಂದ್ರು. ಹೆಣ್ಣುಮಕ್ಕಳಿಗೂ ಪಾಲಿದೆ ಅಂತ ಕಾನೂನು ಬಂದಿದೆಯಲ್ಲ ಸಾರ್ ಅಂದೆ. ಕರ್ನಾಟಕದಲ್ಲಿ 1994ರಲ್ಲೇ ಬಂತು (ಆಗ ಮದುವೆ ಆಗದಿದ್ದವರಿಗೆ ಮಾತ್ರ), ದೇಶಕ್ಕೆಲ್ಲ 2005ರಲ್ಲಿ. ಆದ್ರೆ ಅದು ಪಿತ್ರಾರ್ಜಿತಕ್ಕೆ. ಇದು ಹೊಸದಾಗಿ ಕೊಳ್ತಿರೋ ಮನೆ.

ಅಪ್ಪ ಒಪ್ಪಲಿಲ್ಲ. "ಅವಳ ತವರುಮನೆ ತಾನೆ, ಹೆಸರು ಯಾಕೆ? ಸಾಲ ಅಂತ ಇಟ್ಕೊಂಡು ವಾಪಸ್ ಕೊಟ್ರಾಯ್ತು." ಅಣ್ಣ ಸುಮ್ಮನಿದ್ದ. ನಾನೂ ಸುಮ್ಮನಿದ್ದೆ. ಬರೆಯೋಕೆ ನಾಚಿಕೆಯಾಗುತ್ತೆ, ಆದ್ರೆ ಒಳಗೊಳಗೇ ನಂಗೂ ಅಪ್ಪನ ಮಾತೇ ಸರಿ ಅನ್ನಿಸಿತ್ತು. ಇಪ್ಪತ್ತು ವರ್ಷ ಕಂತು ಕಟ್ಟೋನು ನಾನು, ಪಾಲು ಅವಳಿಗಾ ಅಂತ! ಅಕ್ಕ ಬಾಯಿಬಿಟ್ಟು ಏನೂ ಕೇಳಿರ್ಲಿಲ್ಲ. ಆ ವಾರ ಫೋನ್ ಮಾತ್ರ ಮಾಡ್ಲಿಲ್ಲ.

ಕೊನೆಗೆ ಬಾಯಿ ತೆಗೆದಿದ್ದು ಅಜ್ಜಿ. ಅವರೆಕಾಯಿ ಸುಲೀತಾ ಕೂತಿದ್ದೋಳು ಅಪ್ಪನ ಕಡೆ ತಿರುಗಿ, "ನನ್ ತವರಲ್ಲೂ ಹಿಂಗೇ ಅಂದಿದ್ರು ಕಣೋ, ನಿಂದೇ ಮನೆ ಅಂತ. ನಮ್ಮಣ್ಣ ಹೋದ್ಮೇಲೆ ಒಂದು ರಾತ್ರಿ ಇದ್ದು ಹೋಗು ಅಂದೋರಿಲ್ಲ" ಅಂದು ಮತ್ತೆ ಸುಲಿಯೋಕೆ ಶುರು ಮಾಡಿದ್ಳು.

ಅಪ್ಪ ಎದ್ದು ಚಪ್ಪಲಿ ಮೆಟ್ಕೊಂಡು ಹೊರಗೆ ಹೋದ್ರು. ರಾತ್ರಿ ಬಂದು ತಾವೇ ಅಕ್ಕನಿಗೆ ಫೋನ್ ಮಾಡಿ, "ಆಧಾರ್ ಕಾರ್ಡು, ಪ್ಯಾನ್ ಕಾರ್ಡು ತಗೊಂಡು ಬಾ" ಅಂದ್ರು. ಪತ್ರದಲ್ಲಿ ಹೆಸರಿದ್ದವರೆಲ್ಲ ಸಾಲಕ್ಕೂ ಸಹಿ ಹಾಕ್ಬೇಕು ಅಂತ ಬ್ಯಾಂಕಿನವರು ಹೇಳಿದ್ರು. ಅಕ್ಕ ಅದಕ್ಕೂ ಹಾಕಿದ್ಳು. ನನಗಿಂತ ಅವಳ ಸಹಿ ದುಂಡಗಿದೆ :-)

ಅಜ್ಜಿ ಈ ಮನೇಲಿ ನಾಲ್ಕು ವರ್ಷ ಇದ್ಳು, ಮೆಟ್ಟಿಲಿಲ್ಲದ ಬಚ್ಚಲಿನ ಪಕ್ಕದ ರೂಮಲ್ಲಿ.

ಮೊನ್ನೆ ಪತ್ರವನ್ನ ಎರಡು ಸಲ ಓದಿದೆ. ಅಮ್ಮನ ಹೆಸರು ಎಲ್ಲೂ ಇಲ್ಲ. ಸರದ ವಿಷಯ ಅವತ್ತು ವಕೀಲರಿಗೆ ನಾವ್ಯಾರೂ ಹೇಳಿರ್ಲೇ ಇಲ್ಲ. ಅಜ್ಜಿಗೂ ಹೊಳೆದಿರ್ಲಿಲ್ಲ. ಅಡುಗೆಮನೆಗೆ ಹೋಗಿ ಅಮ್ಮನನ್ನ ಕೇಳಿದ್ರೆ, "ನಿಮ್ಮಪ್ಪನ ಪಾಲಲ್ಲೇ ಸೇರ್ಕೊಂಡಿದೆ ಬಿಡೋ... ಈ ಈರುಳ್ಳಿ ಹೆಚ್ಚಿಕೊಡು" ಅಂದ್ಳು.