ಮಾಟುಂಗದಲ್ಲೊಂದು ಊಟ

ಮುಂಬಯಿಯಂತಹ ಮಹಾನಗರದಲ್ಲಿ ಹೋಟೆಲುಗಳಿಗೇನು ಬರವೆ? ಹೆಜ್ಜೆಗೊಂದು ಸಿಕ್ಕೀತು. ಆದರೆ ಊರಿನಿಂದ ಬಂದ ಹಿರಿಯರನ್ನು ಎಲ್ಲಿಗೆ ಕರೆದೊಯ್ದರೆ ಆ ಊಟ ಅವರ ನೆನಪಿನಲ್ಲಿ ಉಳಿದೀತು ಎಂಬ ಪ್ರಶ್ನೆ ಬಂದಾಗ ಜಾಣರೂ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಘಣಸೋಲಿಯ ಎರಡು ಕೋಣೆಯ ಮನೆಯಲ್ಲಿ, ಸರಕಾರಿ ಗುಮಾಸ್ತಿಕೆಯ ಸಂಬಳದಲ್ಲಿ ಸಂಸಾರ ತೂಗಿಸುವ ನಮಗೂ ಈ ಪರೀಕ್ಷೆ ತಪ್ಪಿದ್ದಲ್ಲ.

ಕಳೆದ ವರುಷ ಈ ಪರೀಕ್ಷೆಯಲ್ಲಿ ನಾವು ಸೋತೆವು. ಕುಂದಾಪುರದ ಕಡೆಯಿಂದ ಅಪ್ಪಯ್ಯ ಬಂದಿದ್ದರು. ದೊಡ್ಡ ಜಾಗವೊಂದನ್ನು ತೋರಿಸಬೇಕೆಂಬ ಹುಮ್ಮಸ್ಸಿನಲ್ಲಿ, ತಂಪುಗಾಳಿ ಮಂದಬೆಳಕುಗಳ ಹೊಸ ಹೋಟೆಲೊಂದಕ್ಕೆ ಕರೆದೊಯ್ದೆವು. ತಿನಿಸಿನ ಪಟ್ಟಿಯಲ್ಲಿ ಅವರು ಓದಿದ್ದು ಬಲಬದಿಯ ಅಂಕಿಗಳನ್ನು ಮಾತ್ರ. ಹಸಿವಿಲ್ಲವೆಂದು ಒಂದು ಬಟ್ಟಲು ಸೂಪು ಕುಡಿದು ಮುಗಿಸಿದರು. ಏಳುವಾಗ ಅವರ ಕೈ ತಾನಾಗಿಯೇ ಮೇಜಿನ ಮೇಲಿದ್ದ ಲೋಟಗಳನ್ನು ಒಟ್ಟುಗೂಡಿಸತೊಡಗಿತು. ಪಕ್ಕದ ಮೇಜಿನವರು ನೋಡಿದರು. "ಬಿಡಿ ಅಪ್ಪಯ್ಯ" ಎಂದೆವು, ತುಸು ಗಡುಸಾಗಿಯೇ. ಅವರು ಕೈಯನ್ನು ಹಿಂದಕ್ಕೆಳೆದುಕೊಂಡರು.

ಆ ಕೈಗೆ ಆ ಅಭ್ಯಾಸ ಎಲ್ಲಿಂದ ಬಂತೆಂಬುದು ನಮಗೆ ತಿಳಿಯದ ಸಂಗತಿಯೇ? 1969ರಲ್ಲಿ ಹನ್ನೆರಡರ ಹುಡುಗನಾಗಿ ಮುಂಬಯಿಗೆ ಬಂದವರು ಅಪ್ಪಯ್ಯ. ಫೋರ್ಟಿನ ಒಂದು ಹೋಟೆಲಿನಲ್ಲಿ ಹಗಲೆಲ್ಲ ಕಪ್ಪು-ಬಸಿ ತೊಳೆದರು. ದೀಪ ಹತ್ತಿದ ಮೇಲೆ ಕನ್ನಡ ರಾತ್ರಿಶಾಲೆಯಲ್ಲಿ ಕುಳಿತು ಅಕ್ಷರ ಕಲಿತರು. ಹೋಟೆಲಿನ ಹುಡುಗರಿಗೆಂದು ನಮ್ಮವರು ನಡೆಸಿದ ಆ ಶಾಲೆಗಳಿಂದ ಎಷ್ಟೋ ಮಂದಿ ಮುಂದೆ ಬಂದರು. ಅಪ್ಪಯ್ಯ ಊರಿಗೆ ಮರಳಿ ಚಿಕ್ಕ ಅಂಗಡಿಯಿಟ್ಟು ನಮ್ಮನ್ನು ಬಿ. ಎ. ತನಕ ಓದಿಸಿದರು. ಮುಂಬಯಿಯ ಆ ಆರು ವರುಷಗಳಲ್ಲಿ ಅವರು ಗಿರಾಕಿಯಾಗಿ ಮೇಜಿನ ಮುಂದೆ ಕುಳಿತು ಒಮ್ಮೆಯೂ ಉಂಡವರಲ್ಲ. ಗಿರಾಕಿಗಳೆಲ್ಲ ಎದ್ದು ಹೋದ ಮೇಲೆ ಅಡುಗೆಮನೆಯ ಮೂಲೆಯೇ ಅವರ ಊಟದ ಮನೆ.

ಈ ವರುಷ ಅವರು ಮತ್ತೆ ಬಂದಾಗ ಮನೆಯಲ್ಲಿ ಸಭೆ ಸೇರಿತು. ಮಗನ ಮತ ಪಿಜ್ಜಾಕ್ಕೆ. ನಮ್ಮಾಕೆಯ ಮತ ಫೋರ್ಟಿನ ಮಹೇಶ್ ಲಂಚ್ ಹೋಮಿನ ಮೀನೂಟಕ್ಕೆ. "ನಂಗೆ ಮನೆ ಗಂಜಿಯೇ ಸಾಕು" ಎಂದು ಅಪ್ಪಯ್ಯ ಸಭಾತ್ಯಾಗ ಮಾಡಿದರು. ನಾವು ಮಾಟುಂಗವೆಂದೆವು.

ದಕ್ಷಿಣದಿಂದ ನೌಕರಿಗೆಂದು ಬಂದವರು ಬಹುಕಾಲದ ಹಿಂದೆಯೇ ನೆಲೆನಿಂತ ಬಡಾವಣೆ ಅದು. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ನಿನ ಕಟ್ಟಡ ಇರುವುದೂ ಅಲ್ಲೇ. ಜನರ ಹಿಂದೆಯೇ ಅವರ ಸಾರು, ಇಡ್ಲಿಗಳೂ ಬಂದವು. ತಿಂಡಿಗಾದರೆ 1936ರ ಮೈಸೂರು ಕೆಫೆ ಇದೆ. 1939ರ ರಾಮ್ ಆಶ್ರಯ ಇದೆ, ಅಲ್ಲಿಯ ಅನಾನಸು ಶಿರಾಕ್ಕೆ ಜನ ಸಾಲುನಿಲ್ಲುತ್ತಾರೆ. 1940ರ ಕೆಫೆ ಮದ್ರಾಸ್ ಇದೆ, ಹೆಸರು ಮದ್ರಾಸಿನದಾದರೂ ನಡೆಸುವವರು ನಮ್ಮ ಕಾಮತರು. ಹೊಟ್ಟೆತುಂಬ ಊಟಕ್ಕಾದರೆ 1942ರಲ್ಲಿ ಎ. ರಾಮ ನಾಯಕರು ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ರಾಮ ನಾಯಕರೂ ಹುಡುಗನಾಗಿ ಈ ನಗರಕ್ಕೆ ಬಂದು ಹೋಟೆಲಿನಲ್ಲಿ ದುಡಿದೇ ಮೇಲೆ ಬಂದವರು. ನಮ್ಮ ಆಯ್ಕೆಗೆ ಈ ಒಂದು ಕಾರಣವೇ ಸಾಕಾಯಿತು.

ಘಣಸೋಲಿಯಿಂದ ಠಾಣೆಗೆ ಹೋಗಿ, ಅಲ್ಲಿ ನಿಧಾನದ ಗಾಡಿ ಹಿಡಿದೆವು. ವೇಗದ ಗಾಡಿ ಮಾಟುಂಗದಲ್ಲಿ ನಿಲ್ಲುವುದಿಲ್ಲ. ಪೂರ್ವದ ಬದಿಗೆ ಇಳಿದೊಡನೆ ಮಲ್ಲಿಗೆಯ ಪರಿಮಳ, ಬಾಳೆಲೆಯ ಕಟ್ಟುಗಳು. ಅಪ್ಪಯ್ಯನವರ ನಡಿಗೆ ಚುರುಕಾಯಿತು. ಹೋಟೆಲು ಮಹಡಿಯ ಮೇಲೆ. ತಟ್ಟೆಯ ಊಟಕ್ಕೊಂದು ದರ, ಎಲೆಯ ಊಟಕ್ಕೊಂದು ದರ. ಎಲೆಯ ಮೇಲಾದರೆ ಬೇಕೆನ್ನುವಷ್ಟೂ ಬಡಿಸುತ್ತಾರೆ. ನಾವು ಎಲೆ ಹಾಕಿಸಿದೆವು.

ಪಲ್ಯ, ಸಾಂಬಾರು, ಹಪ್ಪಳ, ಬಿಸಿ ಅನ್ನ ಬಂದವು. ಎಲೆಯ ಅಂಚಿಗೆ ಹರಿದೋಡುವ ಸಾರಿಗೆ ಅನ್ನದಿಂದ ಕಟ್ಟೆ ಕಟ್ಟುವ ವಿದ್ಯೆಯನ್ನು ಅಜ್ಜ ಮೊಮ್ಮಗನಿಗೆ ಹೇಳಿಕೊಟ್ಟರು. ಬಡಿಸುವವರು "ಸಾರು ಹಾಕಲಾ?" ಎಂದು ಮೂರನೆಯ ಸಲ ಕೇಳಿದಾಗಲೂ ಅವರು ಬೇಡವೆನ್ನಲಿಲ್ಲ. ದರದ ಹಲಗೆಯ ಕಡೆಗೆ ತಿರುಗಿಯೂ ನೋಡಲಿಲ್ಲ.

ಮಜ್ಜಿಗೆಯಾದ ಮೇಲೆ ಹುಡುಗ ಕೇಳಿದ: "ಅಜ್ಜ, ನೀವು ಕೆಲಸ ಮಾಡಿದ ಹೋಟೆಲೂ ಹೀಗೇ ಇತ್ತಾ?"

ಕಳೆದ ವರುಷವಾಗಿದ್ದರೆ ನಾವು ಮಾತು ಮರೆಸುತ್ತಿದ್ದೆವೋ ಏನೋ. ಅಪ್ಪಯ್ಯ ನಕ್ಕರು. "ಇಷ್ಟು ಬೆಳಕು ಇರ್ಲಿಲ್ಲ ಮಗಾ" ಎಂದರು. ಮೇಜಿನ ಮೇಲಿದ್ದ ಖಾಲಿ ಲೋಟಗಳಿಗೆ ಬೆರಳು ಇಳಿಸಿ, ನಾಲ್ಕನ್ನೂ ಒಂದೇ ಕೈಯಲ್ಲಿ ಮೇಲಕ್ಕೆತ್ತಿ ತೋರಿಸಿದರು. "ಒಂದು ಕೈಲಿ ಹೀಗೆ. ಇನ್ನೊಂದು ಕೈಲಿ ಮೇಜು ಒರೆಸೋ ಬಟ್ಟೆ. ಬಿದ್ದರೆ ಆ ದಿನದ ಕೂಲಿ ಹೋಯ್ತು." ಹುಡುಗ ತಾನೂ ಪ್ರಯತ್ನಿಸಿದ, ಎರಡು ಲೋಟ ಉರುಳಿದವು. ಎಲೆ ತೆಗೆಯಲು ಬಂದವರು ಅವಸರ ಮಾಡದೆ, ಈ ಪಾಠ ಮುಗಿಯುವ ತನಕ ನಗುತ್ತ ನಿಂತಿದ್ದರು. ನಾವೂ ಈ ಸಲ "ಬಿಡಿ" ಎನ್ನಲಿಲ್ಲ. ಒಂದು ವರುಷದಿಂದ ಆ ಮಾತು ನಮ್ಮ ಗಂಟಲಲ್ಲಿ ಮುಳ್ಳಾಗಿತ್ತು.

ಹೊರಬಂದ ಮೇಲೆ ಅಪ್ಪಯ್ಯ ನಮ್ಮಾಕೆಗೆ ಒಂದು ಮೊಳ ಮಲ್ಲಿಗೆ ಕೊಡಿಸಿದರು. ಮರಳುವ ಗಾಡಿಯಲ್ಲಿ ಕಿಟಕಿಯ ಬಳಿ ಕುಳಿತು ಕುರ್ಲಾ ಬರುವ ಮೊದಲೇ ನಿದ್ದೆಹೋದರು. ಮೊಮ್ಮಗ ಮಾತ್ರ ಮನೆಗೆ ಬಂದವನೇ ಅಡುಗೆಮನೆಯ ಸ್ಟೀಲಿನ ಲೋಟಗಳನ್ನೆಲ್ಲ ಹರವಿಕೊಂಡು ಅಭ್ಯಾಸಕ್ಕೆ ಕುಳಿತ.

ನಿಮ್ಮ ಮನೆಗೂ ಊರಿನಿಂದ ಹಿರಿಯರು ಬಂದಾರು. ಯಾವ ಹೋಟೆಲೆಂದು ಆರಿಸುವ ಮೊದಲು, ಅವರು ಈ ನಗರದಲ್ಲಿ ಹಿಂದೆ ಎಲ್ಲಿ ದುಡಿದರು, ಎಲ್ಲಿ ಉಂಡರು ಎಂದು ಒಮ್ಮೆ ಕೇಳಿ ನೋಡಿ. ದಾರಿ ಅವರೇ ಹೇಳುತ್ತಾರೆ.