ಗುಳ್ಳೆಯ ಹಿಂದೆ ಅಡಗಿದ ತುಕ್ಕು

ಮಕ್ಕಳೇ, ಹಳೆಯ ಕಾರೊಂದನ್ನು ಹತ್ತಿರದಿಂದ ಗಮನಿಸಿದ್ದೀರಾ? ಛಾವಣಿ, ಬಾಗಿಲು ಚೆನ್ನಾಗಿಯೇ ಇರುತ್ತವೆ. ಆದರೆ ಚಕ್ರದ ಮೇಲೆ ಕಮಾನಿನಂತೆ ಬಾಗಿರುವ ತಗಡಿನ ಅಂಚು ಮಾತ್ರ ಕಂದು ಬಣ್ಣಕ್ಕೆ ತಿರುಗಿ ಪುಡಿಪುಡಿಯಾಗಿರುತ್ತದೆ. ಇಡೀ ಕಾರಿಗೆ ಬಳಿದದ್ದು ಒಂದೇ ಬಣ್ಣ. ಆದರೂ ತುಕ್ಕು ಮೊದಲು ಅಲ್ಲಿಗೇ ಏಕೆ ಬರುತ್ತದೆ?

ನಾನು ಬೆಳೆದದ್ದು ಕುಂದಾಪುರದ ಬಳಿ, ಕಡಲ ತೀರದಲ್ಲಿ. ನನ್ನ ಸೋದರಮಾವ ಬಾಡಿಗೆ ಕಾರು ಓಡಿಸುತ್ತಿದ್ದರು. ಆ ಕಾರು ಓಡಿದರೆ ಮಾತ್ರ ಮನೆಯಲ್ಲಿ ಒಲೆ ಉರಿಯುತ್ತಿತ್ತು. ಒಂದು ಮಳೆಗಾಲ ಮುಗಿದಾಗ ಹಿಂದಿನ ಚಕ್ರದ ಕಮಾನಿನ ಮೇಲೆ ಕಡಲೆಕಾಳಿನಷ್ಟು ದೊಡ್ಡ ಎರಡು ಗುಳ್ಳೆಗಳು ಎದ್ದವು. ಮಾವ ಕಾರನ್ನು ಗ್ಯಾರೇಜಿಗೆ ಒಯ್ದರು. ನಾನೂ ಜೊತೆಗಿದ್ದೆ. ಮೇಸ್ತ್ರಿ ಸ್ಕ್ರೂಡ್ರೈವರಿನ ತುದಿಯಿಂದ ಗುಳ್ಳೆಯನ್ನು ಮೆಲ್ಲಗೆ ಒತ್ತಿದರು. ತುದಿ ಒಳಗೇ ಹೋಯಿತು! "ಇದು ಹೊರಗಿನಿಂದ ಬಂದದ್ದಲ್ಲ ಮಾರಾಯ್ರೇ, ಒಳಗಿನಿಂದ ತಿಂದುಕೊಂಡು ಬಂದದ್ದು" ಎಂದರು.

ಅದು ಹೇಗೆ? ಕಬ್ಬಿಣ, ನೀರು ಮತ್ತು ಗಾಳಿಯಲ್ಲಿರುವ ಆಮ್ಲಜನಕ ಸೇರಿದರೆ ತುಕ್ಕು ಉಂಟಾಗುತ್ತದೆ. ಓಡುವ ಚಕ್ರವು ಸಣ್ಣ ಕಲ್ಲುಗಳನ್ನು ಕಮಾನಿನ ಒಳಭಾಗಕ್ಕೆ ಎರಚುತ್ತದೆ. ಅಲ್ಲಿ ಬಣ್ಣ ಚೂರುಚೂರಾಗಿ ಕೀಳುತ್ತದೆ. ಹಿಂದೆಯೇ ಕೆಸರು ಬಂದು ತಗಡಿನ ಮಡಿಕೆಯಲ್ಲಿ ಕೂರುತ್ತದೆ. ಮಳೆ ನಿಂತರೂ, ಹೊರಗೆಲ್ಲ ಒಣಗಿದರೂ, ಈ ಕೆಸರು ಒದ್ದೆ ಬಟ್ಟೆಯಂತೆ ದಿನಗಟ್ಟಲೆ ತೇವ ಹಿಡಿದಿರುತ್ತದೆ. ಕರಾವಳಿಯಲ್ಲಿ ಉಪ್ಪೂ ಸೇರುತ್ತದೆ. ಉಪ್ಪು ನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುವುದರಿಂದ ತುಕ್ಕಿನ ಕ್ರಿಯೆ ಚುರುಕಾಗುತ್ತದೆ. ಕಾರಿನ ಹೊರಮೈ ತಗಡಿನ ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ!

ತುಕ್ಕಿಗೆ ಇನ್ನೊಂದು ಗುಣವಿದೆ. ಅದು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಆದ್ದರಿಂದಲೇ ಬಣ್ಣವನ್ನು ಮೇಲಕ್ಕೆ ಎತ್ತುತ್ತದೆ. ನಾವು ನೋಡಿದ ಗುಳ್ಳೆ ಅದೇ. ಅಲ್ಯೂಮಿನಿಯಂ ಮೇಲೆ ಮೂಡುವ ಆಕ್ಸೈಡ್ ಪದರ ಗಟ್ಟಿಯಾಗಿ ಅಂಟಿಕೊಂಡು ಲೋಹವನ್ನು ಕಾಯುತ್ತದೆ. ತುಕ್ಕು ಹಾಗಲ್ಲ. ಉದುರುತ್ತಾ ಹೋಗಿ ಹೊಸ ಕಬ್ಬಿಣವನ್ನು ಗಾಳಿಗೆ, ನೀರಿಗೆ ಒಡ್ಡುತ್ತದೆ.

ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿದರೆ ಖರ್ಚು ಕಡಿಮೆ. ಆದರೆ ಒಳಗೆ ತುಕ್ಕು ಬೆಳೆಯುತ್ತಲೇ ಇರುತ್ತದೆ. ಹಲವು ಕಾರುಗಳಲ್ಲಿ ಶಾಕ್ ಅಬ್ಸಾರ್ಬರಿನ ಮೇಲ್ತುದಿಯನ್ನು ಚಕ್ರದ ಗೂಡಿನ ತಗಡಿಗೇ ಬಿಗಿದಿರುತ್ತಾರೆ. ಅಲ್ಲಿಗೂ ತುಕ್ಕು ಹಬ್ಬಿದರೆ ಕಾರಿನಲ್ಲಿ ಕುಳಿತವರಿಗೇ ಅಪಾಯ. ಆದ್ದರಿಂದ ಮಾವ ಮೂರು ದಿನದ ಬಾಡಿಗೆ ಹೋದರೂ ಸರಿಯೆಂದು ಪೂರ್ತಿ ದುರಸ್ತಿಗೆ ಒಪ್ಪಿದರು.

ಮೇಸ್ತ್ರಿ ಮೊದಲು ಕೆಸರನ್ನೆಲ್ಲ ತೊಳೆದು ಒಣಗಿಸಿದರು. ಕೊಳೆತ ತಗಡನ್ನು ಕತ್ತರಿಸಿ ಹೊಸ ತುಂಡು ಬೆಸೆದರು. ಸುತ್ತಲಿನ ತುಕ್ಕನ್ನು ತಂತಿ ಬ್ರಷ್ಷಿನಿಂದಲೂ ಎಮರಿ ಕಾಗದದಿಂದಲೂ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿದರು. ಬರಿಯ ಕಬ್ಬಿಣ ಬೇಗ ತೇವ ಹಿಡಿಯುವುದರಿಂದ ಅಂದೇ ಪ್ರೈಮರ್ ಹಚ್ಚಿದರು. ಅದು ಒಣಗಿದ ಮೇಲೆ ಬಣ್ಣ. ಕೊನೆಗೆ ಒಳಭಾಗಕ್ಕೆ ಟಾರಿನಂತಹ ದಪ್ಪ ಲೇಪ.

ಅಂದಿನಿಂದ ಮಳೆಗಾಲದಲ್ಲಿ ಮಾವ ರಾತ್ರಿ ಕಾರು ನಿಲ್ಲಿಸಿದೊಡನೆ ಕಮಾನಿನ ಒಳಗೆ ನೀರು ಹಾಯಿಸಿ, ಮಡಿಕೆಯ ಕೆಸರನ್ನು ಬೆರಳಿನಿಂದ ಕೆರೆದು ತೆಗೆಯುತ್ತಿದ್ದರು. ಅದಕ್ಕೆ ಐದೇ ನಿಮಿಷ ಸಾಕಾಗುತ್ತಿತ್ತು.

ಇನ್ನೊಂದು ಉಪಾಯವೂ ಇದೆ. 1824ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ, ಹಡಗಿನ ತಳದ ತಾಮ್ರದ ತಗಡಿಗೆ ಸತುವಿನ ಅಥವಾ ಕಬ್ಬಿಣದ ತುಂಡನ್ನು ತಾಗಿಸಿದರೆ ಸಮುದ್ರದ ನೀರು ತಾಮ್ರದ ಬದಲು ಆ ತುಂಡನ್ನೇ ತಿನ್ನುತ್ತದೆಂದು ತೋರಿಸಿದರು. ಸತುವು ಕಬ್ಬಿಣವನ್ನೂ ಹೀಗೆಯೇ ಕಾಯುತ್ತದೆ. ಇಂದಿನ ಅನೇಕ ಕಾರುಗಳ ತಗಡಿಗೆ ಸತುವಿನ ಲೇಪವಿರುತ್ತದೆ. ಗೀರು ಬಿದ್ದರೂ ಮೊದಲು ಸವೆಯುವುದು ಸತುವು.

ನೀವೂ ಮಾಡಿ ನೋಡಿ: ಮೂರು ಕಬ್ಬಿಣದ ಮೊಳೆಗಳನ್ನು ಸೋಪಿನಿಂದ ತೊಳೆದು, ಉಪ್ಪು ಕಾಗದದಿಂದ ಉಜ್ಜಿ. ಒಂದನ್ನು ಒಣ ಮಣ್ಣಿನಲ್ಲಿ, ಇನ್ನೊಂದನ್ನು ಒದ್ದೆ ಮಣ್ಣಿನಲ್ಲಿ, ಮತ್ತೊಂದನ್ನು ಉಪ್ಪುನೀರು ಬೆರೆಸಿದ ಮಣ್ಣಿನಲ್ಲಿ ಹೂತಿಡಿ. ಒದ್ದೆ ಮಣ್ಣು ಒಣಗದಂತೆ ನೋಡಿಕೊಳ್ಳಿ. ಒಂದು ವಾರದ ನಂತರ ಹೊರತೆಗೆದು ಹೋಲಿಸಿ. ಆಮೇಲೆ ನಿಮ್ಮ ಮನೆಯ ಸೈಕಲ್ಲಿನ ಮಡ್‌ಗಾರ್ಡನ್ನು ಬಗ್ಗಿ, ಒಳಗಡೆಯಿಂದ ನೋಡಿ. ಏನು ಕಂಡಿತೆಂದು ತರಗತಿಯಲ್ಲಿ ಹೇಳುತ್ತೀರಲ್ಲವೇ?